ನಾಲ್ಕರ ಒಂಬತ್ತು, ಒಂಬತ್ತರ ನಾಲ್ಕು

ಇಸ್ತ್ರಿ ಬಯ್ಯೂಮಿಯ ಕೈಗೆ ಕೊಟ್ಟ ಬಟ್ಟೆಯನ್ನು ನಮ್ಮ ಬೀದಿಯಲ್ಲಿ ಯಾರೂ ಕಳೆದುಕೊಂಡದ್ದಿಲ್ಲ. ಸುಡಿಸಿಕೊಂಡದ್ದುಂಟು, ಗುಂಡಿ ಒಡೆಸಿಕೊಂಡದ್ದುಂಟು, ಆದರೆ ಅವರವರ ಅಂಗಿ ಅವರವರ ಬಾಗಿಲಿಗೇ ಬರುತ್ತಿತ್ತು. ಕಾಲರಿನ ಒಳಮಡಿಕೆಯಲ್ಲಿ ಅವನು ಪೆನ್ಸಿಲಿನಿಂದ ಒಂದು ಅಂಕಿ, ಒಂದು ಓರೆಗೀಟು, ಮತ್ತೊಂದು ಅಂಕಿ ಬರೆಯುತ್ತಿದ್ದ. ಮೊದಲನೆಯದು ಮಹಡಿ, ಎರಡನೆಯದು ಮನೆ. ನಾವು ಬಲದಿಂದ ಎಡಕ್ಕೆ ಬರೆಯುವ ಜನ, ಹಾಗಾಗಿ ಅವನ ಗುರುತಿನಲ್ಲೂ ಬಲಗಡೆಯ ಅಂಕಿಯೇ ಮೊದಲನೆಯದು. ಯಾವ ಕಟ್ಟಡ ಎನ್ನುವುದಕ್ಕೆ ಅವನಿಗೆ ಗುರುತು ಬೇಕಿರಲಿಲ್ಲ. ಮೂಸಿ ನೋಡುತ್ತಿದ್ದ. ಮೀನು ಹುರಿಯುವ ಅಂಗಡಿಯ ಮೇಲಿನ ಮನೆಗಳವರು ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಿದ್ದರು.

ಕೈರೋದಲ್ಲಿ ಈಗ ಎಲ್ಲರದೂ ಕರೆಂಟಿನ ಇಸ್ತ್ರಿಪೆಟ್ಟಿಗೆ. ಬಯ್ಯೂಮಿ ಮಾತ್ರ ದಪ್ಪ ಬಟ್ಟೆಗಳಿಗೆ ಅಪ್ಪನ ಕಾಲದ ಕಾಲಿಸ್ತ್ರಿಯನ್ನೇ ಇಟ್ಟುಕೊಂಡಿದ್ದ. ನೆಲದ ಹಲಗೆಯ ಮೇಲೆ ನಿಲುವಂಗಿ ಹಾಸಿ, ಆ ಭಾರದ ಕಬ್ಬಿಣದ ಮೇಲೆ ಒಂದು ಕಾಲಿಟ್ಟು, ಉದ್ದನೆಯ ಹಿಡಿಕೆಯನ್ನು ಹಿಡಿದು ದೋಣಿ ನಡೆಸುವವನ ಹಾಗೆ ತಳ್ಳುತ್ತಿದ್ದ. ಬಾಯಿತುಂಬ ನೀರು ತುಂಬಿಕೊಂಡು ಫುರ್ ಎಂದು ಬಟ್ಟೆಯ ಮೇಲೆ ಸಿಂಪಡಿಸುವುದು ಅವನಿಗೆ ಎರಡು ರೀತಿಯಲ್ಲಿ ಉಪಯೋಗ. ಬೇಡವಾದ ಗಿರಾಕಿ ಬಂದರೆ ಬಾಯಲ್ಲಿ ನೀರಿದೆ ಎಂದು ಸನ್ನೆ ಮಾಡಿ ಸುಮ್ಮನಿರಬಹುದಿತ್ತು. ಅವನ ಅತ್ತೆ ಅಂಗಡಿಯ ಮುಂದೆ ಹಾದುಹೋಗುವಷ್ಟು ಹೊತ್ತೂ ಅವನ ಬಾಯಲ್ಲಿ ನೀರಿರುತ್ತಿತ್ತೆಂದು ಅವನ ಹೆಂಡತಿ ದವ್ಲತ್ ನನಗೆ ಹೇಳಿದ್ದಾಳೆ.

ಅತ್ತೆಯ ಹೆಸರು ನಬವಿಯ್ಯ, ದೇವರು ಅವಳ ಗೋರಿಯನ್ನು ಬೆಳಕಾಗಿಸಲಿ. ಇದ್ದಷ್ಟು ಕಾಲ ಅಳಿಯನನ್ನು ಹೆಸರು ಹಿಡಿದು ಕರೆದವಳಲ್ಲ. ಅವನೆದುರಿಗೇ ಮಗಳಿಗೆ, 'ಆ ಇಸ್ತ್ರಿಯವನಿಗೆ ಊಟ ಹಾಕಿದೆಯಾ' ಎಂದು ಕೇಳುತ್ತಿದ್ದಳು. ಅವಳು ತೀರಿಹೋದಾಗ ಗಂಡುಮಕ್ಕಳು ಫಯ್ಯೂಮ್ ರಸ್ತೆಯ ಆಚೆ, ನಮ್ಮ ಬೀದಿಯ ಸಹಾಯಸಂಘ ಕೊಂಡಿದ್ದ ಮರಳುಭೂಮಿಯಲ್ಲಿ ಗೋರಿಗೆ ಜಾಗ ತೆಗೆದುಕೊಂಡು ಅವಳನ್ನು ಅಲ್ಲಿ ಮಲಗಿಸಿದರು. ನಾಲ್ಕನೆಯ ಸಾಲು, ಎಂಟನೆಯ ಸ್ಥಳ.

ಆಮೇಲೆ ದವ್ಲತ್ ತನ್ನ ಮದುವೆಯ ಬಳೆಗಳನ್ನು ಮಾರಿ ಅದೇ ಭೂಮಿಯಲ್ಲಿ ತಮಗೂ ಒಂದು ಜಾಗ ಬರೆಸಿಕೊಂಡಳು. ಬಾಡಿಗೆಮನೆಯಲ್ಲೇ ಬಾಳಿದವರಿಗೆ ಸ್ವಂತದ್ದು ಎನ್ನುವುದು ಒಂದಾದರೂ ಇರಲಿ ಎಂದು. ಚೀಟಿ ಎತ್ತಿದಾಗ ಬಂದ ಸಂಖ್ಯೆ ಕರಾರುಪತ್ರದಲ್ಲಿ ಹೀಗಿತ್ತು: ೪/೯. ಕೆಳಗೆ ಸಂಘದ ಕಾರ್ಯದರ್ಶಿ ಹಾಜಿ ಶಹಾತಾ ಎಲ್ಲಿಂದಲೋ ನಕಲು ಮಾಡಿ ಹಾಕಿದ್ದ ಒಂದು ಕಲಮು: 'ಈ ಕರಾರಿನಲ್ಲಿ ಸಂಖ್ಯೆ ಎಂದರೆ, ಮೊದಲು ಸಾಲಿನ ಅಂಕಿ, ನಂತರ ಆ ಸಾಲಿನೊಳಗಿನ ಸ್ಥಳದ ಅಂಕಿ, ನಡುವೆ ಓರೆಗೀಟು.' ದವ್ಲತ್‌ಗೆ ಓದು ಬಾರದು. ಬಯ್ಯೂಮಿ ಕನ್ನಡಕ ಹಾಕಿಕೊಂಡು ಬಲಗಡೆಯಿಂದ ಓದಿದ. ಒಂಬತ್ತನೆಯ ಸಾಲು, ನಾಲ್ಕನೆಯ ಸ್ಥಳ. ಅತ್ತೆಯಿಂದ ಐದು ಸಾಲು ದೂರ. ಅವತ್ತು ಅವನು ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಮುಂದಾಗಿ ಚಹಾ ಕೊಟ್ಟ.

ಒಂಬತ್ತನೆಯ ಸಾಲಿನ ನಾಲ್ಕನೆಯ ಸ್ಥಳದಲ್ಲಿ ಅವನು ಮಾಡಿದ್ದು ಸಣ್ಣ ಕೆಲಸವಲ್ಲ. ಸುತ್ತಲೂ ಕಲ್ಲಿಟ್ಟ. ಸಾಲಾಗಿ ಲೋಳೆಸರ ನೆಟ್ಟ. ನಮ್ಮ ಮಾತಿನಲ್ಲಿ ಆ ಗಿಡದ ಹೆಸರೂ ತಾಳ್ಮೆ ಎಂಬ ಮಾತೂ ಒಂದೇ ಬೇರಿನವು, ಅದಕ್ಕೇ ಗೋರಿಗಳ ಬಳಿ ಅದನ್ನು ನೆಡುತ್ತೇವೆ. ಹಳೆಯ ಇಸ್ತ್ರಿಹಲಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಅದರಿಂದ ಒಂದು ಬೆಂಚು ಮಾಡಿದ. ಹಬ್ಬದ ದಿನ ನಾವೆಲ್ಲ ತೀರಿಹೋದ ನಮ್ಮ ನಮ್ಮವರಿಗೆ ಫಾತಿಹಾ ಪ್ರಾರ್ಥನೆ ಓದಿ, ಬಡವರಿಗೆ ಬನ್ನು ಹಂಚಿ, ಆ ಬೆಂಚಿನ ಮೇಲೆ ಕೂತು ಚಹಾ ಕುಡಿದಿದ್ದೇವೆ. ಇನ್ನೂ ಯಾರೂ ಮಲಗಿರದ ಗೋರಿಜಾಗಕ್ಕೆ ಅಷ್ಟು ಚೆಂದ ಬೇಕೇ ಎಂದು ಒಬ್ಬರು ಕೇಳಿದ್ದಕ್ಕೆ, 'ಮದುವೆಗೆ ಮುಂಚೆ ಮನೆಗೆ ಸುಣ್ಣ ಹೊಡೆಸಲ್ವಾ' ಎಂದಿದ್ದ.

ದವ್ಲತ್ ಮಾತ್ರ ಆ ಬೆಂಚಿನ ಮೇಲೆ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಬಿಸಿಲಲ್ಲಿ ಐದು ಸಾಲು ದಾಟಿ ತಾಯಿಯ ಬಳಿಗೆ ಹೋಗಿಬಿಡುತ್ತಿದ್ದಳು.

ಕಳೆದ ವರ್ಷ ಹಬ್ಬ ಮುಗಿದ ಮೇಲಿನ ಶುಕ್ರವಾರ ಬಯ್ಯೂಮಿ ನೀರಿನ ಡಬ್ಬ ಹಿಡಿದು ಅಲ್ಲಿಗೆ ಹೋದರೆ, ಅಪರಿಚಿತರೊಬ್ಬರು ಬೆಂಚಿನ ಮೇಲೆ ಕಾಲುಚಾಚಿ ಕೂತು ರೊಟ್ಟಿಗೆ ಗಿಣ್ಣು ಹಚ್ಚಿಕೊಂಡು ತಿನ್ನುತ್ತಿದ್ದರು. ಹಿಂದಿನ ಬೀದಿಯ ಫಿಕ್ರಿ ಮೇಷ್ಟ್ರು, ನಿವೃತ್ತರು, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವರು. ಬಯ್ಯೂಮಿಗೆ ಅವರು ಗೊತ್ತಿರಲಿಲ್ಲ, ಅವರ ಮನೆಯಲ್ಲಿ ಸೊಸೆಯೇ ಇಸ್ತ್ರಿ ಮಾಡುತ್ತಾಳಂತೆ.

ಬಯ್ಯೂಮಿ ಸಲಾಮು ಹೇಳಿ, 'ಅಣ್ಣಾ, ದಾರಿ ತಪ್ಪಿತಾ?' ಅಂದ.

'ಇಲ್ಲಪ್ಪ, ನಮ್ಮನೇಲೇ ಕೂತಿದೀನಿ,' ಅಂದರು ಮೇಷ್ಟ್ರು. 'ನೀನು ಸಂಘದ ಮಾಲಿನಾ? ಬೆಂಚು ಬಹಳ ಚೆನ್ನಾಗಿದೆ. ಲೋಳೆಸರಕ್ಕೆ ಮಾತ್ರ ನೀರು ಜಾಸ್ತಿ ಆಗ್ತಿದೆ, ನೋಡ್ಕೋ.'

ಸಂಘದವರು ಜಾಗದ ಜೊತೆಗೆ ಬೆಂಚೂ ಕೊಡುತ್ತಾರೆಂದು ಆ ಮನುಷ್ಯ ತಿಳಿದಿದ್ದರು. ಅವರ ತಮ್ಮನ ಜಾಗಕ್ಕೆ ಬೆಂಚು ಯಾಕಿಲ್ಲ ಎಂದು ಹಾಜಿ ಶಹಾತಾಗೆ ಒಂದು ದೂರನ್ನೂ ಕೊಟ್ಟಿದ್ದರಂತೆ. ಜೇಬಿನಿಂದ ಕರಾರು ತೆಗೆದು ತೋರಿಸಿದರು. ೯/೪. ಒಂಬತ್ತನೆಯ ಸಾಲು, ನಾಲ್ಕನೆಯ ಸ್ಥಳ, ಎಡಗಡೆಯಿಂದ ಓದಿದರೆ. ಬಯ್ಯೂಮಿ ಡಬ್ಬ ಕೆಳಗಿಟ್ಟ. ಬಲಗಡೆಯಿಂದ ಓದಿದರೆ ಅದು ನಾಲ್ಕನೆಯ ಸಾಲಿನ ಒಂಬತ್ತನೆಯದು, ಅಂದರೆ ಅತ್ತೆಯ ಮಗ್ಗುಲು. ಇಬ್ಬರಲ್ಲಿ ಯಾರೋ ಒಬ್ಬರು ಆ ಮಗ್ಗುಲಿಗೆ ಹೋಗಬೇಕಿತ್ತು.

ಪಂಚಾಯಿತಿ ಸೇರಿದ್ದು ಮಸೀದಿಯ ಪಕ್ಕದ ಕೋಣೆಯಲ್ಲಿ, ಸಂಜೆಯ ನಮಾಜಿಗೆ ಮುಂಚೆ. ಗಂಡಸರು ಒಳಗೆ, ನಾವು ಹೆಂಗಸರು ತೆರೆದ ಬಾಗಿಲ ಆಚೆ. ಮೇಷ್ಟ್ರು ಮೆಲ್ಲಗೆ, ಎರಡನೆಯ ತರಗತಿಯವರಿಗೆ ಹೇಳುವ ಹಾಗೆ ಹೇಳಿದರು: ಅಕ್ಷರ ಬಲದಿಂದ ಹೋಗುತ್ತೆ, ಅಂಕಿ ಎಡದಿಂದ ಹೋಗುತ್ತೆ, ಹನ್ನೆರಡು ಅಂತ ಬರೆದಿದ್ದನ್ನು ನೀನು ಇಪ್ಪತ್ತೊಂದು ಅಂತ ಓದುತ್ತೀಯಾ?

ಬಯ್ಯೂಮಿ ಬಿಡಲಿಲ್ಲ. ನಾವು ಇಪ್ಪತ್ತೈದನ್ನು ಬಾಯಲ್ಲಿ ಹೇಳುವುದು 'ಐದು ಮತ್ತು ಇಪ್ಪತ್ತು' ಎಂದು, ಅಂದರೆ ಬಲಗಡೆಯದನ್ನೇ ಮೊದಲು. 'ನಾಲಿಗೆಗೆ ಬಲ ಮೊದಲು, ಕಣ್ಣಿಗೆ ಎಡ ಮೊದಲು ಅಂದ್ರೆ ಹೆಂಗೆ ಮೇಷ್ಟ್ರೇ? ಒಂದೇ ತಲೇಲಿ ಎರಡು ಸರ್ಕಾರನಾ?'

ಗಂಡಸರು ಇದಕ್ಕೆ ತಲೆದೂಗಿದರು. ಆಗ ಹಾಜಿ ಶಹಾತಾ, ಟೈಪು ಮಾಡಿದವನು ತಾನೇ, ತಾನು ಮೊದಲು ಒತ್ತಿದ್ದು ಸಾಲಿನ ಅಂಕಿಯನ್ನೇ, ಕಂಪ್ಯೂಟರು ಅದನ್ನು ಎಡಗಡೆ ಇಟ್ಟಿತು, ತನ್ನದೇನೂ ತಪ್ಪಿಲ್ಲ ಎಂದ. ಬಯ್ಯೂಮಿ ಕರಾರನ್ನು ಎತ್ತಿ ಹಿಡಿದು, ಇದರಲ್ಲಿ 'ಮೊದಲು' ಅಂತ ಬರೆದಿದೆಯೇ ಹೊರತು 'ಹಾಜಿ ಶಹಾತಾನ ಬೆರಳು ಮೊದಲು ಒತ್ತಿದ್ದು' ಅಂತ ಎಲ್ಲಿ ಬರೆದಿದೆ ಎಂದು ಕೇಳಿದ.

ಅಷ್ಟರಲ್ಲಿ ಕೋಣೆಯಲ್ಲಿದ್ದವರಿಗೆಲ್ಲ ತಮ್ಮ ತಮ್ಮ ಕರಾರಿನ ನೆನಪಾಯಿತು. ಕೆಲವರು ಮನೆಗೆ ಓಡಿದರು. ಒಬ್ಬ ಬೇಕರಿಯವನು ತಾನು ಐದು ವರ್ಷದಿಂದ ಸಂಬಳ ಕೊಟ್ಟು ಗುಡಿಸಿಸುತ್ತಿರುವುದು ಯಾರ ಜಾಗವನ್ನು ಎಂದು ಗೋಡೆಯನ್ನು ಕೇಳುತ್ತಿದ್ದ. ನನ್ನ ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳ ಸಂಖ್ಯೆ ೬/೬. ಅವಳು ಯಾವತ್ತೂ ಯಾವುದಕ್ಕೂ ಇಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿಲ್ಲ. 'ನಂದು ಯಾವ ಕಡೆಯಿಂದ ಓದಿದ್ರೂ ನಂದೇ ಕಣವ್ವಾ,' ಎಂದು ಬಂದವರಿಗೆಲ್ಲ ಹೇಳಿದಳು.

ಕೊನೆಗೆ ಇಮಾಮರು ಮೊದಲ ವರ್ಷ ಬರೆದ ನಕ್ಷೆಯನ್ನು ತರಿಸಿದರು. ಅದರಲ್ಲಿ ಪ್ರತಿ ಸಂಖ್ಯೆಯ ಪಕ್ಕ ಎಷ್ಟನೆಯ ಸಾಲು, ಎಷ್ಟನೆಯ ಸ್ಥಳ ಎಂದು ಮಾತಿನಲ್ಲೂ ಬರೆದಿತ್ತು. ಎಡಗಡೆಯದೇ ಸಾಲು. ಫಿಕ್ರಿ ಮೇಷ್ಟ್ರ ಮಾತೇ ಸರಿ. ಬೆಂಚು, ಕಲ್ಲು, ಲೋಳೆಸರ ಎಲ್ಲ ಅವರ ಜಾಗದಲ್ಲಿ. ಬಯ್ಯೂಮಿಯದು ನಾಲ್ಕರ ಒಂಬತ್ತು.

ಸೋತವನು ಸುಮ್ಮನೆ ಎದ್ದುಹೋಗಬಹುದಿತ್ತು. ಬಯ್ಯೂಮಿ ಹೋಗಲಿಲ್ಲ. ಇನ್ನು ಮುಂದೆ ಕರಾರಿನಲ್ಲಿರುವ ಒಂದೊಂದು ಮಾತಿಗೂ ಅರ್ಥ ಬರೆಸಬೇಕೆಂದು ಹಟ ಹಿಡಿದ. ಸಂಖ್ಯೆ ಎಂದರೇನು, ಸಾಲು ಎಂದರೇನು, ಎಲ್ಲಿಂದ ಎಣಿಸುವುದು. ಪ್ರತಿ ಗೋರಿಯ ಕೆಳಗೂ ಎರಡು ಕೋಣೆ, ಬಲಗಡೆಯದು ಗಂಡಸರಿಗೆ, ಎಡಗಡೆಯದು ಹೆಂಗಸರಿಗೆ ಎಂಬ ಕಲಮು ಬಂದಾಗ ಅವನು ಮೇಜು ಕುಟ್ಟಿ, ಬಲ ಎಂದರೆ ಯಾರ ಬಲ, ಒಳಗೆ ಹೋಗುವವನದೋ ಹೊರಗೆ ಬರುವವನದೋ ಎಂದು ಕೇಳಿದ. ಗೋರಿಯಿಂದ ಹೊರಗೆ ಬರುವವರು ಯಾರಪ್ಪ ಎಂದು ಯಾರೋ ಅಂದರು. ಆದರೂ ಹಾಜಿ ಶಹಾತಾ ಮನೆಗೆ ಹೋಗುವ ಅವಸರದಲ್ಲಿ ಬರೆದುಕೊಂಡ: 'ಬಲ ಎಂದರೆ, ಬಾಗಿಲಲ್ಲಿ ನಿಂತು ಒಳಮುಖವಾಗಿ ನೋಡುವವನ ಬಲ.' ಬಯ್ಯೂಮಿ ಅದರ ಕೆಳಗೆ ಮೊದಲ ಸಹಿ ಹಾಕಿದ.

ಮೇಷ್ಟ್ರು ಒಳ್ಳೆಯ ಮನುಷ್ಯರು. ಹೊರಗೆ ಬಂದಾಗ ಅವರೇ ಬಯ್ಯೂಮಿಯ ಭುಜ ಹಿಡಿದು, ಅಷ್ಟು ಆಸೆಪಟ್ಟು ಮಾಡಿದ್ದೀಯ, ಅದಲುಬದಲು ಮಾಡಿಕೊಳ್ಳೋಣ, ನನಗೆ ಎಲ್ಲಾದರೂ ಒಂದೇ ಎಂದರು. ಬಯ್ಯೂಮಿಯ ಮುಖ ಅರಳಿತು. ಹಾಜಿ ಶಹಾತಾ ಅಲ್ಲಿಯೂ ಒಂದು ಮಾತು ಸೇರಿಸಿದ. ಜಾಗ ಇರುವುದು ದವ್ಲತ್ ಹೆಸರಿನಲ್ಲಿ, ಅವಳ ಹೆಬ್ಬೆಟ್ಟು ಬೇಕು.

ಮರುದಿನ ದವ್ಲತ್ ಮತ್ತು ನಾನು ಅವರ ಮನೆಯಲ್ಲಿ ಕೂತು ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದೆವು. ಬಯ್ಯೂಮಿ ಬಂದ. ಬಂದವನೇ ಬೆಳ್ಳುಳ್ಳಿಯ ವಾಸನೆಯನ್ನು ಹೊಗಳಿದ. ಬೆಳ್ಳುಳ್ಳಿಯನ್ನು ಇನ್ನೂ ಸುಲಿದೇ ಇರಲಿಲ್ಲ. ದವ್ಲತ್ ನನ್ನ ಕಡೆ ನೋಡಿದಳು. ಅವನು ಕಾಗದ ಬಿಚ್ಚಿ, ಶಾಯಿಯ ಪ್ಯಾಡ್ ತೆರೆದು, ಇದೊಂದು ಸಣ್ಣ ತಿದ್ದುಪಡಿ, ಮೇಷ್ಟ್ರು ಕಾಯುತ್ತಿದ್ದಾರೆ ಎಂದ. ಅವಳು ಪಂಚಾಯಿತಿಯ ದಿನ ಮಗಳ ಮನೆಗೆ ಸುವೆಜ್‌ಗೆ ಹೋಗಿದ್ದಳು. ನಡೆದದ್ದು ನನ್ನಿಂದ ಅರ್ಧ ಕೇಳಿದ್ದಳು, ಉಳಿದರ್ಧವನ್ನು ಈಗ ಅವನ ಬಾಯಿಂದ ಬಿಡಿಸಿದಳು, ಸೊಪ್ಪು ಬಿಡಿಸಿದ ಹಾಗೆಯೇ.

'ಅಂದ್ರೆ ಅಮ್ಮನ ಪಕ್ಕದ್ದು ನಮ್ಮದಾ?' ಅಂದಳು.

'ಈಗ ಸದ್ಯಕ್ಕೆ.'

'ಆ ಜಾಗದ್ದು ಮುಳ್ಳು ಕಿತ್ತಿದ್ದು ನಾನು. ಯಾವ ಪುಣ್ಯವಂತಂದೋ ಅಂತ ಅಂದ್ಕೊಂಡು ಕಿತ್ತೆ.' ಅವಳು ಸೊಪ್ಪಿನ ಕೈಯನ್ನು ನಿಲುವಂಗಿಯ ಅಂಚಿಗೆ ಒರೆಸಿಕೊಂಡಳು. ಹೆಬ್ಬೆಟ್ಟು ಚಾಚುತ್ತಾಳೆಂದು ಅವನು ಪ್ಯಾಡನ್ನು ಮುಂದೆ ತಳ್ಳಿದ. ಅವಳು ಪ್ಯಾಡಿನ ಮುಚ್ಚಳ ಹಾಕಿದಳು. 'ಬಳೆ ನಂದು, ಹೆಸರು ನಂದು. ನಾನು ನಮ್ಮಮ್ಮನ ಹತ್ರ ಮಲಗ್ತೀನಿ.'

ಅವನು ಅತ್ತೆ ತನ್ನನ್ನು ಅಂದದ್ದೆಲ್ಲ ಎತ್ತಿ ಆಡಿದ. ಪ್ರತಿ ಮಾತಿನ ಕೊನೆಗೆ, ಹಲ್ಲು ಕಚ್ಚಿಕೊಂಡು, ದೇವರು ಅವಳಿಗೆ ಕರುಣೆ ತೋರಲಿ ಎಂದೂ ಸೇರಿಸಿದ, ಸತ್ತವರ ಮಾತು ನೋಡಿ. ಅಷ್ಟಾದ ಮೇಲೂ ಅವಳು ಕದಲದಿದ್ದಾಗ, ಹಾಗಾದರೆ ತಾನು ಮೇಷ್ಟ್ರನ್ನು ಬೇಡಿ ಅವರ ಕೋಣೆಯಲ್ಲೇ ಒಂದು ಮೂಲೆ ಕೇಳಿಕೊಳ್ಳುತ್ತೇನೆ ಅಂದ.

'ಕೇಳ್ಕೋ. ಬೆಂಚೂ ಅಲ್ಲೇ ಇದೆ,' ಅಂದಳು ದವ್ಲತ್. 'ಹಬ್ಬಕ್ಕೆ ಹುಡುಗೀರು ಬಂದ್ರೆ ಮೊದಲು ನಂಗೆ ಫಾತಿಹಾ ಓದ್ತಾರೆ. ಆಮೇಲೆ ಬಿಸಿಲು ಇಳಿದ್ರೆ, ನಿನ್ ಹತ್ರಾನೂ ಬರ್ತಾರೆ.'

ಅವನು ಪ್ಯಾಡನ್ನು ಎತ್ತಿಕೊಂಡು ಹೊರಟುಹೋದ.

ಆ ವಾರ ಬೀದಿಯ ಬಟ್ಟೆಗಳಿಗೆ ಕಷ್ಟಕಾಲ. ನನ್ನ ನಮಾಜಿನ ಬಿಳಿ ಬಟ್ಟೆ ಇಸ್ತ್ರಿಪೆಟ್ಟಿಗೆಯ ಆಕಾರದ ಒಂದು ಕಂದು ಕಲೆಯೊಂದಿಗೆ ಬಂತು. ಇಮಾಮರ ನಿಲುವಂಗಿಗೆ ಮಡಿಕೆ ಅಡ್ಡಡ್ಡ ಬಿದ್ದಿತ್ತು. ಅವರು ಅದನ್ನೇ ತೊಟ್ಟು ಶುಕ್ರವಾರ ತಾಳ್ಮೆಯ ಮೇಲೆ ಮಾತಾಡಿದರು. ನಾನು ಅಂಗಡಿಗೆ ಹೋದದ್ದು ಜಗಳಕ್ಕೇನಲ್ಲ, ಕಲೆಗೆ ನಿಂಬೆ ಹಚ್ಚುವುದೋ ಉಪ್ಪು ಹಚ್ಚುವುದೋ ಕೇಳಲಿಕ್ಕೆ. ಅವನು ಕಾಲಿಸ್ತ್ರಿಯ ಮೇಲೆ ಕಾಲಿಟ್ಟುಕೊಂಡು ನಿಂತಿದ್ದ, ತಳ್ಳುತ್ತಿರಲಿಲ್ಲ. ಬಾಯಲ್ಲಿ ನೀರಿತ್ತು. ನಾನು ಕಾದೆ. ಬಹಳ ಹೊತ್ತಾದ ಮೇಲೆ ಅದನ್ನು ನುಂಗಿದ.

ಅಕ್ಕಾ, ನೀವು ಓದಿಕೊಂಡವರು ಎಂದು ಶುರುಮಾಡಿದ. ನಾನು ಓದಿದ್ದು ಕುರಾನು ಮತ್ತು ಮಕ್ಕಳು ಬಿಸಾಡಿದ ಶಾಲೆಯ ಪುಸ್ತಕ, ಅಷ್ಟೇ. ಗೋರಿಯಲ್ಲಿ ಅಕ್ಕಪಕ್ಕದವರ ಮಾತು ಕೇಳಿಸುತ್ತದೆಯೇ ಎಂದು ಕೇಳಿದ. ದೇವರೇ ಬಲ್ಲ ಎಂದೆ. ಒಳ್ಳೆಯ ನೆರೆಯನ್ನು ಬೇಡಿಕೊಳ್ಳಬೇಕೆಂದು ಹಿರಿಯರು ಹೇಳುತ್ತಾರೆ, ನನಗೆ ಅಷ್ಟೇ ಗೊತ್ತು ಎಂದೆ. ಅವನು ನೆಲ ನೋಡಿದ.

'ದವ್ಲತ್ ಸುವೆಜ್‌ಗೆ ಹೋದ್ರೆ ನಂಗೆ ನಿದ್ದೆ ಬರಲ್ಲ ಅಕ್ಕಾ. ಮೂರು ದಿನಕ್ಕೇ ಹಿಂಗೆ. ಅಲ್ಲಿ ಅಭ್ಯಾಸ ಆಗುತ್ತಾ?'

ನಾನು ಬಿಳಿ ಬಟ್ಟೆಯನ್ನು ಬಿಚ್ಚಿ ಅವನ ಮುಂದೆ ಹಾಸಿದೆ. ಕಲೆಗೆ ನಿಂಬೆಯೂ ಉಪ್ಪೂ ಎರಡೂ ಹಚ್ಚಬೇಕಂತೆ.

ಮರುದಿನ ಅವನು ಮೇಷ್ಟ್ರ ಮನೆಗೆ ಹೋಗಿ ಅದಲುಬದಲು ಬೇಡ ಎಂದು ಹೇಳಿ ಬಂದ. ಬೆಂಚನ್ನು ಮೇಷ್ಟ್ರಿಗೇ ಬಿಟ್ಟ. ಮೇಷ್ಟ್ರು ನಾಚಿಕೊಂಡು ಸೊಸೆಗೆ ವಿಶ್ರಾಂತಿ ಕೊಟ್ಟು ಮನೆಯ ಬಟ್ಟೆಯನ್ನೆಲ್ಲ ಅವನಿಗೆ ಇಸ್ತ್ರಿಗೆ ಹಾಕತೊಡಗಿದರು. ಸಂಜೆ ದವ್ಲತ್ ಮುಂದೆ ಶಾಯಿಯ ಪ್ಯಾಡನ್ನು ಇಟ್ಟು, ಇದನ್ನು ಮೊಮ್ಮಕ್ಕಳಿಗೆ ಆಟಕ್ಕೆ ಕೊಡು ಅಂದನಂತೆ. ಅವಳು ಅವತ್ತು ಬಾತುಕೋಳಿ ಮಾಡಿದಳು. ಮಹಡಿಯೆಲ್ಲ ಘಮಘಮ.

ಚಳಿಗಾಲ ಕಳೆದು ನಾಲ್ಕರ ಒಂಬತ್ತರಲ್ಲಿ ಕೆಲಸ ಶುರುವಾಯಿತು. ಗೋರಿ ಕಟ್ಟುವ ಮೇಸ್ತ್ರಿ ಸಂಘದ ಹೊಸ ಕರಾರನ್ನು ಕೈಯಲ್ಲಿ ಹಿಡಿದು, ಬಾಗಿಲಿಡುವ ಜಾಗದಲ್ಲಿ ಒಳಮುಖವಾಗಿ ನಿಂತು ಗೂಟ ನೆಟ್ಟ. ಬಲಕ್ಕೆ ಗಂಡಸರ ಕೋಣೆ, ಎಡಕ್ಕೆ ಹೆಂಗಸರದ್ದು. ನಮ್ಮಲ್ಲಿ ಸಾಲನ್ನು ಎಣಿಸುವುದೂ ಬಲದಿಂದ ಎಡಕ್ಕೆ. ಒಂಬತ್ತರ ಬಲಕ್ಕೆ ಎಂಟು. ನಬವಿಯ್ಯಳ ಗೋಡೆಗೆ ಗೋಡೆ ತಾಗಿ ಮಲಗಬೇಕಾದವನು ಬಯ್ಯೂಮಿ. ದವ್ಲತ್ ಅವನ ಆಚೆ.

ಬಯ್ಯೂಮಿ ಕಾಗದ ಇಸಿದುಕೊಂಡು ಆ ಕಲಮನ್ನು ಓದಿದ. ಮತ್ತೆ ಓದಿದ. ಅದರ ಕೆಳಗಿನ ಮೊದಲ ಸಹಿಯನ್ನೂ ನೋಡಿದ.

ದವ್ಲತ್‌ಗೆ ಅಳುವೂ ನಗುವೂ ಒಟ್ಟಿಗೆ ಬಂತು. ಇದೇನು ಮಾಡಿಕೊಂಡೆ, ಅಮ್ಮನಿಗೂ ನನಗೂ ನಡುವೆ ನಿನ್ನನ್ನೇ ತಂದಿಟ್ಟುಕೊಂಡೆಯಲ್ಲ, ಬರುವ ಪಂಚಾಯಿತಿಯಲ್ಲಿ ಮೇಜು ಕುಟ್ಟಿ ಅಳಿಸಿಹಾಕಿಸು ಎಂದಳು. ಮೇಸ್ತ್ರಿಯೂ ಒಳ್ಳೆಯವನು. ತಾನು ಒಂದು ಗಳಿಗೆ ಬೆನ್ನು ತಿರುಗಿಸಿ ಹೊರಮುಖವಾಗಿ ನಿಂತರೆ ಬಲ ಎಡವಾಗುತ್ತದೆ, ಯಾರು ನೋಡಬೇಕು ಎಂದ.

ಬಯ್ಯೂಮಿ ಕಾಗದವನ್ನು ಇಸ್ತ್ರಿಯ ಮಡಿಕೆಯ ಹಾಗೆ ನೀಟಾಗಿ ಮಡಿಸಿದ. ನಬವಿಯ್ಯ ಕಡೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಅವರ ಮನೆಯಲ್ಲೇ, ಪಕ್ಕದ ಕೋಣೆಯಲ್ಲಿ ಇದ್ದಳು. ನೀರಿಗೆ, ದಿಂಬಿಗೆ, ಕಿಟಕಿಗೆ, ಒಂದೊಂದಕ್ಕೂ ಚಪ್ಪಲಿಯಿಂದ ಗೋಡೆ ತಟ್ಟುತ್ತಿದ್ದಳು. ಎದ್ದುಹೋಗುತ್ತಿದ್ದವಳು ದವ್ಲತ್. ಇವನು ಮುಸುಕೆಳೆದುಕೊಂಡು ಮಲಗುತ್ತಿದ್ದ.

'ಇರ್ಲಿ ಬಿಡು,' ಅಂದ. 'ಈ ಸಲ ಗೋಡೆ ತಟ್ಟಿದ್ರೆ ನಾನು ಏಳ್ತೀನಿ. ನೀನು ಮಲಕ್ಕೋ.'

'ಎದ್ದೆ ಬಿಡು ನೀನು,' ಅಂದಳು ದವ್ಲತ್.

ಮೇಸ್ತ್ರಿ ಇನ್ನೂ ಗೂಟ ಹಿಡಿದು ನಿಂತಿದ್ದ. ಬಯ್ಯೂಮಿ ಅವನ ಭುಜ ಹಿಡಿದು ಒಳಮುಖವಾಗಿ ತಿರುಗಿಸಿ, ಕರಾರಿನಲ್ಲಿದ್ದ ಹಾಗೆಯೇ ಅಗೆ ಎಂದ. ಆಮೇಲೆ ಎಂಟನೆಯದರ ಮುಂದೆ ಹೋಗಿ ನಿಂತು, ಎರಡು ಕೈ ಎತ್ತಿ, ಅತ್ತೆಗೆ ಫಾತಿಹಾ ಓದಿದ. ಎಲ್ಲರಿಗೂ ಕೇಳುವ ಹಾಗೆ, ಕೊನೆಯಲ್ಲಿ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಪೂರ್ತಿ ಹೇಳಿ, ಪಕ್ಕಕ್ಕೆ ಬರುವವನು ತಾನೇ ಎಂದು ತಿಳಿಸಿ ಬಂದ.